ಪ್ರತಿವಿಷ ಕೆಲಸ ಮಾಡದ ಕಡಿತ: ಕೆಂಪನ ಹನ್ನೊಂದು ದಿನ

ಜುಲೈ 21ರ ರಾತ್ರಿ ಒಂಬತ್ತೂವರೆಗೆ ಜೀಪು ಕೊಡಗಿನ ನಮ್ಮ ಪಶು ಆಸ್ಪತ್ರೆಯ ಮುಂದೆ ನಿಂತಾಗ ಕರೆಂಟು ಹೋಗಿ ಎರಡು ಗಂಟೆಯಾಗಿತ್ತು. ವಿರಾಜಪೇಟೆಯ ಆಚೆಗಿನ ಸಣ್ಣ ಕಾಫಿ ತೋಟವೊಂದರಿಂದ ಒಬ್ಬ ಅಜ್ಜ, ಅವರ ಮೊಮ್ಮಗಳು, ಗೋಣಿಚೀಲದ ಮೇಲೆ ಮಲಗಿಸಿದ ಒಂದು ನಾಯಿ. ಸಂಜೆ ನಾಲ್ಕಕ್ಕೆ ಹಾವು ಕಚ್ಚಿತ್ತು. ದಾರಿಗೆ ಅಡ್ಡವಾಗಿ ಮರ ಬಿದ್ದಿದ್ದರಿಂದ ಕತ್ತಿಯಲ್ಲಿ ಕೊಂಬೆ ಕಡಿದು ಜೀಪು ನುಗ್ಗಿಸಿಕೊಂಡು ಬಂದಿದ್ದರು. ಅಜ್ಜನ ಅಂಗಿಯಿಂದ ಇನ್ನೂ ನೀರು ಸೋರುತ್ತಿತ್ತು.

ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಊರಿನ ಹೆಸರು ಇಲ್ಲಿ ಬೇಡ. ನಾಯಿಯ ಹೆಸರು ಹೇಳಬಹುದು: ಕೆಂಪ. ಐದು ವರ್ಷದ ಗಂಡು, ನಾಟಿ ತಳಿ, 16 ಕಿಲೋ ತೂಕ.

ಎಡ ಮುಂಗಾಲು ಮೊಣಕೈವರೆಗೆ ಊದಿ, ಚರ್ಮ ಬಿಗಿದು ಹೊಳೆಯುತ್ತಿತ್ತು. ಪಂಜದ ಮೇಲೆ ಎರಡು ಚುಕ್ಕೆಗಳಿದ್ದವು, ಅವುಗಳ ಸುತ್ತ ನೇರಳೆ ಬಣ್ಣ. ಭುಜದ ಕೆಳಗೆ ತೆಂಗಿನ ನಾರಿನ ಹಗ್ಗ ಬಿಗಿದಿದ್ದರು. ಗಾಯದ ಮೇಲೆ ಅರಿಶಿನ ಮತ್ತು ಯಾವುದೋ ಸೊಪ್ಪಿನ ರಸ. ಎದೆಬಡಿತ ನಿಮಿಷಕ್ಕೆ 156, ಒಸಡು ತುಸು ಬಿಳಿಚಿತ್ತು. ಉಸಿರಾಟ ಸರಾಗವಾಗಿತ್ತು, ಕಣ್ಣಿನ ರೆಪ್ಪೆ ಜೋತುಬಿದ್ದಿರಲಿಲ್ಲ. ನಾಗರಹಾವೋ ಕಟ್ಟುಹಾವೋ ಕಚ್ಚಿದ್ದರೆ ನರಗಳ ಮೂಲಕ ಉಸಿರಿಗೇ ಹೊಡೆತ ಬೀಳುತ್ತದೆ. ಅದು ಇಲ್ಲಿ ಇರಲಿಲ್ಲ. ಇದು ಯಾವುದೋ ಮಂಡಲದ ಜಾತಿಯ ಹಾವು ಎಂಬಷ್ಟು ಮೊದಲ ಐದು ನಿಮಿಷದಲ್ಲೇ ಗೊತ್ತಾಯಿತು. ಯಾವ ಮಂಡಲ ಎಂಬುದು ಗೊತ್ತಾಗಲು ಮಾರನೆಯ ದಿನ ಬೆಳಗಾಗಬೇಕಾಯಿತು.

ದಾರಿಯಲ್ಲೊಂದು ಕಡೆ ಯಾರೋ ಎರಡು ಚುಚ್ಚುಮದ್ದು ಕೊಟ್ಟು ಕಳಿಸಿದ್ದರು. ಖಾಲಿ ಸೀಸೆಗಳನ್ನು ಹುಡುಗಿ ಜಾಣತನದಿಂದ ತಂದಿದ್ದಳು. ಒಂದು ಡೆಕ್ಸಾಮೆಥಾಸೋನ್, ಇನ್ನೊಂದು ಮೆಲಾಕ್ಸಿಕಾಮ್. ಮಂಡಲದ ವಿಷ ಮೂತ್ರಪಿಂಡಕ್ಕೆ ಕೈಹಾಕುವ ಹೊತ್ತಿನಲ್ಲಿ ಮೆಲಾಕ್ಸಿಕಾಮ್‌ನಂತಹ ನೋವುನಿವಾರಕ ಅದೇ ಮೂತ್ರಪಿಂಡದ ರಕ್ತಸಂಚಾರವನ್ನು ಇನ್ನಷ್ಟು ಕುಗ್ಗಿಸುತ್ತದೆ. ಸಾಲದ್ದಕ್ಕೆ ಸೂಜಿಯನ್ನು ತೊಡೆಯ ಮಾಂಸಖಂಡಕ್ಕೆ ಹಾಕಿದ್ದರಿಂದ ಅಲ್ಲಿ ನಿಂಬೆಹಣ್ಣಿನ ಗಾತ್ರದ ರಕ್ತದ ಗಡ್ಡೆ ಕಟ್ಟಿತ್ತು. ಕೊಟ್ಟವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ನನಗೆ ಸಿಟ್ಟು ಬಂದದ್ದು ನಿಜ.

ಜಿಗಣೆಯ ಗಾಯಗಳು

ಹಿಂಗಾಲುಗಳಲ್ಲೂ ಹೊಟ್ಟೆಯ ಕೆಳಗೂ ತೆಳುವಾದ ರಕ್ತದ ಗೆರೆಗಳಿದ್ದವು. ಸಹಾಯಕ ಒದ್ದೆ ಹತ್ತಿಯಿಂದ ಒರೆಸಿದ. ಅಜ್ಜ ಹೇಳಿದರು: "ಅದು ಜಿಗಣೆ ಕಚ್ಚಿದ್ದು ಡಾಕ್ಟರೇ. ಈ ಮಳೆಯಲ್ಲಿ ಜಿಗಣೆ ಹಿಡಿಯದ ನಾಯಿ ಯಾರ ಮನೆಯಲ್ಲಿದೆ?"

ಮಾತು ಸರಿಯೇ. ಜುಲೈಯಲ್ಲಿ ನಮ್ಮಲ್ಲಿಗೆ ಬರುವ ಹತ್ತು ನಾಯಿಗಳಲ್ಲಿ ಎಂಟಕ್ಕಾದರೂ ಈ ಗುರುತುಗಳಿರುತ್ತವೆ. ನಾನೂ ಅದನ್ನು ಬಿಟ್ಟು ಕಾಲಿನ ಕಡೆಗೆ ತಿರುಗಿದೆ. ರಕ್ತನಾಳಕ್ಕೆ ಸೂಜಿ ಕೂರಿಸಿ, ಹನಿ ಶುರುಮಾಡಿ, ಹಗ್ಗವನ್ನು ಒಂದೇ ಸಲಕ್ಕೆ ಬಿಚ್ಚದೆ ಹಂತಹಂತವಾಗಿ ಸಡಿಲಿಸುವಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು. ತಲೆಯ ದೀಪವನ್ನು ಮತ್ತೆ ಹಿಂದಕ್ಕೆ ತಿರುಗಿಸಿದರೆ, ಒರೆಸಿದ ಜಾಗಗಳೆಲ್ಲ ಮತ್ತೆ ಕೆಂಪು.

"ನಾಯಿಯನ್ನು ತೋಟಕ್ಕೆ ಬಿಟ್ಟದ್ದು ಎಷ್ಟು ಹೊತ್ತಿಗೆ?" ಎಂದು ಕೇಳಿದೆ.

ಹುಡುಗಿ ಹೇಳಿದಳು: "ಎರಡು ದಿನದಿಂದ ಕಟ್ಟಿಹಾಕಿದ್ದೆವು. ಇವತ್ತು ಸಂಜೆ ಬಿಟ್ಟ ಐದು ನಿಮಿಷಕ್ಕೆ ಕಣದ ಪಕ್ಕದ ತರಗೆಲೆಯಲ್ಲಿ ಕಿರುಚಿತು."

ಅಂದರೆ ಜಿಗಣೆಯ ಗಾಯಗಳು ಎರಡು ದಿನ ಹಳೆಯವು. ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿದೆ, ಅದರಿಂದ ಕೆಲವು ಗಂಟೆ ರಕ್ತ ಜಿನುಗುವುದು ಸಹಜ. ಒಣಗಿದ ಗಾಯ ಎರಡು ದಿನದ ಮೇಲೆ ಮತ್ತೆ ಬಾಯಿಬಿಡುವುದು ಜಿಗಣೆಯ ಕೆಲಸವಲ್ಲ. ರಕ್ತವೇ ತನ್ನ ಹೆಪ್ಪುಗಟ್ಟುವ ಗುಣವನ್ನು ಕಳೆದುಕೊಂಡಿತ್ತು.

ಇದನ್ನು ಖಚಿತಪಡಿಸಿಕೊಳ್ಳಲು ಕರೆಂಟೂ ಬೇಡ, ಯಂತ್ರವೂ ಬೇಡ. ಶುಭ್ರವಾದ, ಒಣಗಿದ, ಹೊಸ ಗಾಜಿನ ನಳಿಕೆಗೆ ಎರಡು ಮಿಲಿ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಒಮ್ಮೆ ಓರೆ ಮಾಡಿ ನೋಡಬೇಕು, ಅಷ್ಟೇ. ಗಾಜೇ ಆಗಬೇಕು, ಪ್ಲಾಸ್ಟಿಕ್ ಆಗದು. ಸಾಬೂನಿನಲ್ಲಿ ತೊಳೆದ ಗಾಜೂ ಆಗದು, ಫಲಿತಾಂಶ ಸುಳ್ಳಾಗುತ್ತದೆ. ಮೊಂಬತ್ತಿಯ ಬೆಳಕಿನಲ್ಲಿ ಇಪ್ಪತ್ತು ನಿಮಿಷ ಕಾದು ನಳಿಕೆ ಓರೆ ಮಾಡಿದೆ. ಕೆಂಪು ಶರಬತ್ತಿನ ಹಾಗೆ ಹರಿಯಿತು.

ಅರ್ಧ ಮಾಹಿತಿಯ ಮೇಲೆ ಪೂರ್ತಿ ನಿರ್ಧಾರ

ಭಾರತದಲ್ಲಿ ಸಿಗುವ ಹಾವಿನ ಪ್ರತಿವಿಷವನ್ನು ನಾಲ್ಕು ಹಾವುಗಳ ವಿಷ ಬಳಸಿ ತಯಾರಿಸುತ್ತಾರೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ವಿಷದ ಬಹುಪಾಲು ತಮಿಳುನಾಡಿನಲ್ಲಿ ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ ಬರುತ್ತದೆ. ಅದನ್ನು ಕುದುರೆಗಳಿಗೆ ಸ್ವಲ್ಪಸ್ವಲ್ಪವಾಗಿ ಕೊಟ್ಟು, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸಿ ಔಷಧ ಮಾಡುತ್ತಾರೆ. ಈ ನಾಲ್ಕರ ಪಟ್ಟಿಯಲ್ಲಿಲ್ಲದ ಹಾವು ಕಚ್ಚಿದರೆ ಆ ಸೀಸೆಯಿಂದ ಪ್ರಯೋಜನವನ್ನು ನೆಚ್ಚುವಂತಿಲ್ಲ.

ಕೊಡಗಿನ ತೋಟಗಳಲ್ಲಿ ತರಗೆಲೆಯ ನಡುವೆ ಮಲಗಿರುವ ಹಾವುಗಳಲ್ಲಿ ಪಟ್ಟಿಯ ಹೊರಗಿನವೇ ಹಲವು. ಹಸಿರು, ಕಂದು, ಹಳದಿ ಹೀಗೆ ನಾನಾ ಬಣ್ಣಗಳಲ್ಲಿ ಕಾಣಿಸುವ ಮಲಬಾರ್ ಗುಳಿಮಂಡಲ ಒಂದು. ಇನ್ನೊಂದು, ಮೂಗಿನ ತುದಿ ಮೇಲಕ್ಕೆ ಮಡಚಿದಂತಿರುವ ಕಂದು ಬಣ್ಣದ ಸಣ್ಣ ಗುಳಿಮಂಡಲ, ವೈಜ್ಞಾನಿಕವಾಗಿ ಹಿಪ್ನೇಲ್ ಹಿಪ್ನೇಲ್. ಇದು ಕಚ್ಚಿದರೆ ಹೆಚ್ಚಿನ ಸಲ ಊತ, ನೋವು, ಬೊಕ್ಕೆಗಳಿಗೆ ಮುಗಿಯುತ್ತದೆ. ಕೆಲವೊಮ್ಮೆ ಮಾತ್ರ ರಕ್ತವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಮನುಷ್ಯರಲ್ಲಿ ಇದರ ಕಡಿತ ಪ್ರಾಣಾಪಾಯ ತರಬಲ್ಲದು, ಪ್ರತಿವಿಷ ಅದಕ್ಕೆ ನಾಟುವುದಿಲ್ಲ ಎಂದು ಕೇರಳದ ವೈದ್ಯರು 2007ರಲ್ಲಿ ಸಾಕ್ಷಿಸಮೇತ ದಾಖಲಿಸಿದರು. ಅದಕ್ಕೆ ಮುಂಚೆ ಆಸ್ಪತ್ರೆಗೆ ತಂದ ಇಂಥ ಹಾವುಗಳನ್ನು ಗರಗಸಮಂಡಲವೆಂದು ತಪ್ಪಾಗಿ ಗುರುತಿಸಿದ್ದುಂಟು.

ಅಜ್ಜ ಖಡಾಖಂಡಿತವಾಗಿ ಹೇಳಿದರು: "ಕೊಳಕುಮಂಡಲವೇ. ನಾನು ಎಷ್ಟು ನೋಡಿಲ್ಲ!" ಹುಡುಗಿ ತಲೆಯಾಡಿಸಿದಳು, ಹೌದೆಂದಲ್ಲ. ಅವಳ ಬಳಿ ಫೋಟೊ ಇತ್ತು. ಆದರೆ ಮೊಬೈಲಿನ ಬ್ಯಾಟರಿ ಸತ್ತಿತ್ತು. ನಮ್ಮ ಇನ್ವರ್ಟರು ಆಗ ಆಮ್ಲಜನಕದ ಯಂತ್ರಕ್ಕೂ ಔಷಧದ ಫ್ರಿಜ್ಜಿಗೂ ಮಾತ್ರ ಸಾಲುತ್ತಿತ್ತು, ಅದರಲ್ಲೂ ಕೊನೆಯ ಗೆರೆ ಮಿನುಗುತ್ತಿತ್ತು. ಹಾಗಿದ್ದರೂ ಚಾರ್ಜಿಗೆ ಹಾಕಿಸಬಹುದಿತ್ತು. ಹಾಕಿಸಲಿಲ್ಲ. ಆ ಗಡಿಬಿಡಿಯಲ್ಲಿ ಫೋಟೊ ಅಷ್ಟು ಮುಖ್ಯ ಎಂದು ನನಗೆ ಹೊಳೆಯಲೇ ಇಲ್ಲ. ಈ ಪ್ರಕರಣದಲ್ಲಿ ನನ್ನಿಂದಾದ ತಪ್ಪು ಯಾವುದೆಂದು ಯಾರಾದರೂ ಕೇಳಿದರೆ ಇದೇ.

ಕೊಳಕುಮಂಡಲವಾಗಿದ್ದರೆ ತಡಮಾಡಿದ ಒಂದೊಂದು ಗಂಟೆಯೂ ನಷ್ಟ. ಕೊಟ್ಟೆವು. ನಮ್ಮಲ್ಲಿದ್ದ ಮೂರು ಸೀಸೆಗಳನ್ನೂ ಕೊಟ್ಟೆವು. ಪುಡಿಗೆ ನೀರು ಬೆರೆಸಿ ಕುಲುಕಬಾರದು, ನೊರೆ ಬಂದು ಔಷಧ ಹಾಳಾಗುತ್ತದೆ. ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸುತ್ತಾ ಕೂರಬೇಕು. ಅಜ್ಜನಿಗೂ ಒಂದು ಸೀಸೆ ಕೊಟ್ಟು ಹೊರಳಿಸಲು ಹೇಳಿದೆ. ಸುಮ್ಮನೆ ಕುಳಿತಿದ್ದರೆ ಅವರ ಕೈಗಳು ನಡುಗುತ್ತಿದ್ದವು. ಒಗ್ಗದಿದ್ದರೆ ಬೇಕೆಂದು ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿಟ್ಟು, ಒಂದು ಗಂಟೆಯಲ್ಲಿ ಸಲೈನಿನ ಜತೆ ನಿಧಾನವಾಗಿ ಹರಿಸಿದೆವು. ನೋವಿಗೆ ಟ್ರಮಡಾಲ್.

ಪ್ರತಿವಿಷ ವಿಷವನ್ನು ತಟಸ್ಥಗೊಳಿಸಿದರೂ, ಯಕೃತ್ತು ಹೆಪ್ಪುಗಟ್ಟಿಸುವ ಅಂಶಗಳನ್ನು ಮತ್ತೆ ತಯಾರಿಸಲು ಸುಮಾರು ಆರು ಗಂಟೆ ಬೇಕು. ಬೆಳಗಿನ ಜಾವ ಐದಕ್ಕೆ ಇನ್ನೊಂದು ನಳಿಕೆ. ಅದೂ ಹರಿಯಿತು.

ಏಳಕ್ಕೆ ಕರೆಂಟು ಬಂತು, ಮೊಬೈಲು ಎದ್ದಿತು. ಹುಡುಗಿ ಪರದೆಯನ್ನು ನನ್ನ ಮುಂದೆ ಹಿಡಿದಳು. ಒದ್ದೆ ಎಲೆಗಳ ಮೇಲೆ ಒಂದಡಿಗಿಂತ ಸ್ವಲ್ಪ ಉದ್ದದ ಕಂದು ಹಾವು, ತ್ರಿಕೋನ ತಲೆ, ಹಣೆಯ ಮೇಲೆ ದೊಡ್ಡ ಹುರುಪೆಗಳು, ಮೇಲಕ್ಕೆ ತಿರುಗಿದ ಮೂಗಿನ ತುದಿ. ಕೊಳಕುಮಂಡಲದ ಬೆನ್ನಿನಲ್ಲಿ ಮೂರು ಸಾಲಾಗಿ ಸರಪಳಿಯಂತೆ ಕಾಣುವ ದೊಡ್ಡ ಮಚ್ಚೆಗಳ ಸುಳಿವೇ ಇರಲಿಲ್ಲ. ಅಜ್ಜ ಕನ್ನಡಕ ಏರಿಸಿ ನೋಡಿ, "ಮರಿ ಇರಬೇಕು" ಎಂದರು. ನಾನು ವಾದಿಸಲಿಲ್ಲ.

ಹನಿಗಳ ಲೆಕ್ಕ

ಹೀಗೆ ಎರಡನೆಯ ದಿನ ನಮ್ಮ ಮುಂದೆ ಔಷಧವಿಲ್ಲದ ವಿಷ ಉಳಿಯಿತು. ಇನ್ನು ಮಾಡಬಹುದಾದದ್ದು ವಿಷ ತಾನಾಗಿ ಇಳಿಯುವವರೆಗೆ ನಾಯಿಯನ್ನು ಹಿಡಿದಿಟ್ಟುಕೊಳ್ಳುವುದು. ಕೇಳುವವರಿಗೆ ಇದು ಏನೂ ಮಾಡದೆ ಕೂತಂತೆ ತೋರಬಹುದು. ಆಸ್ಪತ್ರೆಯ ದಿನಚರಿಯಲ್ಲಿ ಅದಕ್ಕಿಂತ ಹೆಚ್ಚು ಕೈಕೆಲಸ ಬೇಡುವ ಚಿಕಿತ್ಸೆ ಇನ್ನೊಂದಿಲ್ಲ.

ಮೊದಲು ರಕ್ತ. ಕೆಂಪುಕಣಗಳ ಪ್ರಮಾಣ 22 ಶೇಕಡಕ್ಕೆ ಇಳಿದಿತ್ತು, ನಾಯಿಗಳಲ್ಲಿ 37ಕ್ಕಿಂತ ಮೇಲಿರಬೇಕು. ವಿಷ ಇನ್ನೂ ದೇಹದಲ್ಲಿರುವಾಗ ರಕ್ತ ಕೊಡುವುದೆಂದರೆ ಒಲೆಗೆ ಮತ್ತಷ್ಟು ಸೌದೆ ಇಟ್ಟಂತೆ ಎಂಬ ವಾದ ನಮ್ಮ ವೃತ್ತಿಯಲ್ಲಿದೆ. ಪ್ರತಿವಿಷ ನಾಟುವ ಕಡಿತವಾಗಿದ್ದರೆ ನಾನೂ ಅದನ್ನು ಒಪ್ಪಿ ಕಾಯುತ್ತಿದ್ದೆ. ಇಲ್ಲಿ ಕಾಯಲು ಏನೂ ಇರಲಿಲ್ಲ. ನಮ್ಮಲ್ಲಿ ರಕ್ತದಾನಿ ನಾಯಿಗಳ ಒಂದು ನೋಟ್‌ಬುಕ್ ಇದೆ: 25 ಕಿಲೋಗೂ ಮೇಲಿನ ತೂಕ, ಲಸಿಕೆಗಳೆಲ್ಲ ಆಗಿರಬೇಕು, ಉಣ್ಣಿಯಿಂದ ಹರಡುವ ರೋಗಗಳು ಇಲ್ಲವೆಂದು ಪರೀಕ್ಷೆಯಾಗಿರಬೇಕು. ಕೊಡಗಿನಲ್ಲಿ ಆ ಕೊನೆಯ ಷರತ್ತಿಗೇ ಅರ್ಧ ಹೆಸರುಗಳು ಹೊಡೆದುಹೋಗುತ್ತವೆ. ಪೊನ್ನಂಪೇಟೆಯಿಂದ ಒಂದು ಲ್ಯಾಬ್ರಡಾರ್ ಬಂತು. ಎರಡರ ರಕ್ತ ಹೊಂದುತ್ತದೆಯೇ ಎಂದು ನೋಡಿ, 240 ಮಿಲಿ ಏರಿಸಿದೆವು. ಸಂಜೆಗೆ ಪ್ರಮಾಣ 29. ದಾನಿ ಬಿಸ್ಕತ್ತು ತಿಂದು, ಕೆಂಪನ ಪಂಜರವನ್ನೊಮ್ಮೆ ಮೂಸಿ ಹೋಯಿತು.

ಜಿಗಣೆಯ ಗಾಯಗಳು ಮೂರನೆಯ ದಿನ ಮಧ್ಯಾಹ್ನ ನಿಂತವು. ಸಂಜೆಯ ನಳಿಕೆಯಲ್ಲಿ ಹೆಪ್ಪು ಕಟ್ಟಿತು. ಓರೆ ಮಾಡಿದರೂ ಜಾರಲಿಲ್ಲ. ವಾರ್ಡಿನಲ್ಲಿ ಎಲ್ಲರೂ ಸಿಹಿ ತಿಂದೆವು. ಆದರೆ ಅಷ್ಟು ಹೊತ್ತಿಗೆ ನಿಜವಾದ ತೊಂದರೆ ಬೇರೆ ಕಡೆ ಶುರುವಾಗಿತ್ತು.

ಆರೋಗ್ಯವಂತ ನಾಯಿ ಗಂಟೆಗೆ ಪ್ರತಿ ಕಿಲೋ ತೂಕಕ್ಕೆ ಒಂದರಿಂದ ಎರಡು ಮಿಲಿ ಮೂತ್ರ ಮಾಡುತ್ತದೆ. ಕೆಂಪನಿಗೆ ಅದು ಗಂಟೆಗೆ 16ರಿಂದ 32 ಮಿಲಿ. ಎರಡನೆಯ ರಾತ್ರಿ ಆರು ಗಂಟೆಯಲ್ಲಿ ಕೊಳವೆಯ ಚೀಲಕ್ಕೆ ಬಂದದ್ದು 20 ಮಿಲಿ, ಅದೂ ಕಾಫಿ ಡಿಕಾಕ್ಷನ್ನಿನ ಬಣ್ಣ. ಮೂತ್ರಪಿಂಡ ಸೋತಷ್ಟೂ ರಕ್ತದಲ್ಲಿ ಏರುವ ಕಶ್ಮಲ ಕ್ರಿಯಾಟಿನಿನ್. ಬಂದ ದಿನ 1.2 ಇದ್ದ ಅದು ಮೂರನೆಯ ದಿನ 4.9, ನಾಲ್ಕನೆಯ ದಿನ 5.6. ಮೂತ್ರಪಿಂಡದ ಹಠಾತ್ ಹಾನಿಯನ್ನು ಐದು ದರ್ಜೆಗಳಾಗಿ ವಿಂಗಡಿಸುವ ಅಂತರರಾಷ್ಟ್ರೀಯ ಕ್ರಮದಲ್ಲಿ 5 ದಾಟಿದರೆ ನಾಲ್ಕನೆಯ ದರ್ಜೆ.

ಇಂಥ ವೇಳೆ ಎಲ್ಲರ ಕೈಯೂ ಹನಿಯ ಗುಂಡಿಯ ಕಡೆಗೆ ಹೋಗುತ್ತದೆ: ಇನ್ನಷ್ಟು ದ್ರವ ಕೊಟ್ಟರೆ ಮೂತ್ರಪಿಂಡ ತೊಳೆದುಹೋಗಿ ಚಾಲೂ ಆಗುತ್ತದೆ ಎಂಬ ನಂಬಿಕೆ. ಮೂತ್ರವೇ ಬಾರದ ನಾಯಿಗೆ ದ್ರವ ಸುರಿದರೆ ಅದು ಹೋಗುವುದು ಶ್ವಾಸಕೋಶಕ್ಕೆ. ಕೆಂಪನ ತೂಕ ಮೂರನೆಯ ಬೆಳಿಗ್ಗೆ 17.1 ಕಿಲೋ. ಊಟ ಮಾಡದ ನಾಯಿ ಒಂದು ಕಿಲೋ ಹೆಚ್ಚಾಯಿತೆಂದರೆ ಅದಷ್ಟೂ ನೀರು. ಎದೆಯ ಮೇಲಿನ ಚರ್ಮ ಒತ್ತಿದರೆ ಹಲಸಿನ ತೊಳೆಯಂತೆ ಅದುರುತ್ತಿತ್ತು. ಹನಿಯನ್ನು ಬಹುಪಾಲು ನಿಲ್ಲಿಸಿದೆವು. ಉಸಿರು ಮತ್ತು ಮಲದ ಮೂಲಕ ಹೋಗುವಷ್ಟು, ಜತೆಗೆ ಹಿಂದಿನ ನಾಲ್ಕು ಗಂಟೆಯಲ್ಲಿ ಬಂದ ಮೂತ್ರದಷ್ಟು, ಇಷ್ಟೇ ದ್ರವ. ಮೂತ್ರ ಹೆಚ್ಚಿಸುವ ಫ್ಯುರೋಸಿಮೈಡ್ ನಿರಂತರವಾಗಿ ಸಣ್ಣ ಪ್ರಮಾಣದಲ್ಲಿ. ನಾಲ್ಕು ಗಂಟೆಗೊಮ್ಮೆ ತೂಕ, ಗಂಟೆಗೊಮ್ಮೆ ಉಸಿರಿನ ಎಣಿಕೆ, ಚೀಲದ ಅಳತೆ. ಹೊಟ್ಟೆಯ ಪೊರೆಯ ಮೂಲಕ ಡಯಾಲಿಸಿಸ್ ಮಾಡುವ ಸಾಮಗ್ರಿಯನ್ನೂ ತೆಗೆದಿಟ್ಟೆವು. ಮೈಸೂರು, ಬೆಂಗಳೂರಿನ ಮಾತೂ ಬಂತು. ಈ ಸ್ಥಿತಿಯಲ್ಲಿ ಘಾಟಿ ಇಳಿಸಿ ಕರೆದೊಯ್ಯುವುದು ಬೇಡವೆಂದು ಅಜ್ಜನೇ ಹೇಳಿದರು.

ಅವರು ಮೂರು ರಾತ್ರಿ ಜೀಪಿನಲ್ಲೇ ಮಲಗಿದ್ದರು. ನಾಲ್ಕನೆಯ ದಿನ ಒಳಗೆ ಬಂದು, ಬಿಲ್ಲು ಎಷ್ಟಾಗಬಹುದೆಂದು ಕೇಳಿದರು. ಹೇಳಿದೆ. ತುಸು ಹೊತ್ತು ಸುಮ್ಮನಿದ್ದು, "ಎರಡು ಮೂಟೆ ಕರಿಮೆಣಸು ಉಳಿಸಿಕೊಂಡಿದ್ದೇನೆ, ದರ ಏರಲಿ ಎಂದು. ನಾಳೆ ಕೊಡುತ್ತೇನೆ" ಎಂದರು. ಕಂತಿನಲ್ಲಿ ಕೊಟ್ಟರೂ ಆದೀತು ಎಂದೆ. ಮೆಣಸಿನ ಮಾತು ಅಲ್ಲಿಗೆ ನಿಂತಿತು.

ಈ ನಡುವೆ ಆಸ್ಪತ್ರೆ ಕೆಂಪನೊಬ್ಬನಿಗಾಗಿ ನಡೆಯುತ್ತಿರಲಿಲ್ಲ. ದವಡೆ ಮುರಿದ ಬೆಕ್ಕು, ಹೊಕ್ಕುಳು ಕೀವಾದ ಕರು, ಮೂಗಿನಿಂದ ರಕ್ತ ಬರುತ್ತದೆಂದು ಸೋಮವಾರಪೇಟೆಯಿಂದ ಕಳಿಸಿದ ಬೇಟೆನಾಯಿ. ಆ ಬೇಟೆನಾಯಿಯ ಮೂಗಿನಲ್ಲಿದ್ದದ್ದು ಜಿಗಣೆ, ತೊರೆಯ ನೀರು ಕುಡಿಯುವಾಗ ಹೊಕ್ಕದ್ದು. ಮೂಗಿನ ಮುಂದೆ ನೀರಿನ ಬಟ್ಟಲು ಹಿಡಿದು ಕಾದರೆ ಅದು ತಾನಾಗಿ ತಲೆ ಹೊರಹಾಕುತ್ತದೆ. ಆಗ ಇಕ್ಕಳದಿಂದ ಹಿಡಿದುಕೊಳ್ಳಬೇಕು. ತಾಳ್ಮೆಯಿದ್ದವರಿಗೆ ಮಾತ್ರ ಸಿಗುವ ಜಿಗಣೆ.

ಮಳೆಗಾಲದಲ್ಲಿ ನಮಗಿರುವ ದೊಡ್ಡ ತಲೆನೋವು ರೋಗಗಳಲ್ಲ, ಹಾಸುಬಟ್ಟೆ. ತಿಂಗಳುಗಟ್ಟಲೆ ಬಿಸಿಲಿಲ್ಲ, ಒಣಗಿಸುವ ಯಂತ್ರಕ್ಕೆ ಕರೆಂಟಿಲ್ಲ. ರಾತ್ರಿಪಾಳಿಯ ಅಕ್ಕ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಾರೆ. ಎಲ್ಲ ಬಟ್ಟೆಗೂ ಹೊಗೆಯ ವಾಸನೆ. ಮೊದಮೊದಲು ನನಗೆ ಇದು ಸರಿಬರಲಿಲ್ಲ. ಆಮೇಲೆ ಗಮನಿಸಿದೆ: ಫಿನಾಯಿಲ್ ವಾಸನೆಯ ಪಂಜರದಲ್ಲಿ ಮೈ ಬಿಗಿಹಿಡಿದು ನಿಲ್ಲುವ ತೋಟದ ನಾಯಿಗಳು ಆ ಬಟ್ಟೆ ಹಾಸಿದೊಡನೆ ಮೂಸಿ, ಸುತ್ತು ಬಂದು ಮಲಗುತ್ತವೆ. ಅವುಗಳ ಮನೆಯೂ ಹಾಗೇ ನಾರುತ್ತಿರುತ್ತದೆ.

ನಾಲ್ಕನೆಯ ರಾತ್ರಿ ಹನ್ನೊಂದಕ್ಕೆ ಅಕ್ಕ ಚೀಲ ಅಳೆದು 40 ಮಿಲಿ ಎಂದು ಬರೆದರು. ಎರಡು ಗಂಟೆಗೆ 90. ಮೂರೂವರೆಗೆ ನನ್ನ ಕೋಣೆಯ ಬಾಗಿಲು ಬಡಿದರು. ಏನೋ ಕೆಟ್ಟದ್ದೆಂದೇ ಎದ್ದು ಓಡಿದೆ. ಅವರು ಚೀಲವನ್ನು ದೀಪಕ್ಕೆ ಹಿಡಿದು ನಿಂತಿದ್ದರು: ತಿಳಿ ಹಳದಿ, 160 ಮಿಲಿ.

ಆಮೇಲಿನದ್ದು ತಿರುಗಾಮುರುಗಾ. ಚೇತರಿಸಿಕೊಳ್ಳುವ ಮೂತ್ರಪಿಂಡಕ್ಕೆ ನೀರನ್ನು ಹಿಡಿದಿಡುವುದು ಇನ್ನೂ ಗೊತ್ತಿರುವುದಿಲ್ಲ. ಆರನೆಯ ದಿನ ಒಟ್ಟು 2,300 ಮಿಲಿ ಹೋಯಿತು. ಎರಡು ದಿನ ಮುಂಚೆ ನೀರಿಗೆ ಅಡ್ಡ ನಿಂತಿದ್ದ ನಾವು ಈಗ ನೀರು ತುಂಬಿಸುತ್ತಾ ಅದರ ಹಿಂದೆ ಓಡಿದೆವು. ಪೊಟ್ಯಾಸಿಯಂ ಇಳಿಯಿತು, ಸೇರಿಸಿದೆವು. ಪಂಜದ ಮೇಲಿನ ಚರ್ಮ ಒಂದು ರೂಪಾಯಿ ನಾಣ್ಯದಷ್ಟು ಕೊಳೆತು ಉದುರಿತು, ಜೇನುತುಪ್ಪದ ಪಟ್ಟಿ ಹಾಕಿದೆವು. ಏಳನೆಯ ದಿನ ಹುಡುಗಿ ಮನೆಯಿಂದ ತಂದ ಗಂಜಿಯನ್ನು ಕೆಂಪ ನೆಕ್ಕಿತು. ಹನ್ನೊಂದನೆಯ ದಿನ, ಜುಲೈ 31ರಂದು, ಕ್ರಿಯಾಟಿನಿನ್ 2.1 ಇದ್ದಾಗ ಮನೆಗೆ ಕಳಿಸಿದೆವು. ಪೂರ್ತಿ ಗುಣವೆಂದು ಹೇಳುವ ಅಂಕಿಯಲ್ಲ. ಆದರೆ ತಿನ್ನುವ, ಬಾಲ ಅಲ್ಲಾಡಿಸುವ ನಾಯಿ ಪಂಜರಕ್ಕಿಂತ ಮನೆಯಲ್ಲೇ ಬೇಗ ಸುಧಾರಿಸುತ್ತದೆ. ಪಂದಿಕರಿ ಕೂಡದು, ಉಪ್ಪು ಕೂಡದು, ಮೂತ್ರದ ಬಣ್ಣ ದಿನವೂ ನೋಡಬೇಕು, ಕೆಂಪಾದರೆ ಆ ಕ್ಷಣವೇ ಕರೆ ಮಾಡಬೇಕು ಎಂದು ಒಂದೊಂದಾಗಿ ಹೇಳಿ ಬರೆದುಕೊಟ್ಟೆ.

ಆಗಸ್ಟ್ 4

ಬೆಳಿಗ್ಗೆ ಆರಕ್ಕೆ ಕರೆ. ಹುಡುಗಿ ಅಳುತ್ತಿದ್ದಳು. "ಡಾಕ್ಟರೇ, ಕೆಂಪು. ಪೂರ್ತಿ ಕೆಂಪು."

ತಕ್ಷಣ ಹೊರಡಿ, ಬರುವಾಗ ಮೂತ್ರವನ್ನು ಒಂದು ಶುಭ್ರ ಸೀಸೆಯಲ್ಲಿ ಹಿಡಿದು ತನ್ನಿ ಎಂದೆ. ಅವರು ಬರುವಷ್ಟರಲ್ಲಿ ಪೊನ್ನಂಪೇಟೆಯ ಲ್ಯಾಬ್ರಡಾರಿನ ಮನೆಗೆ ಫೋನು ಮಾಡಿಟ್ಟಿದ್ದೆ.

ಕೆಂಪ ಜೀಪಿನಿಂದ ತಾನೇ ಹಾರಿ ಇಳಿಯಿತು. ಒಸಡು ಗುಲಾಬಿ, ಎದೆಬಡಿತ 96, ಎಲ್ಲೂ ರಕ್ತದ ಗುರುತಿಲ್ಲ. ಸೀಸೆಯಲ್ಲಿದ್ದದ್ದು ಮಾತ್ರ ದಾಸವಾಳದ ಬಣ್ಣ. ಅದನ್ನು ಯಂತ್ರದಲ್ಲಿ ತಿರುಗಿಸಿದೆವು: ರಕ್ತಕಣಗಳಿದ್ದರೆ ತಳಕ್ಕೆ ಕೂರಬೇಕು, ಕೂರಲಿಲ್ಲ, ಮೇಲಿನ ನೀರು ಕೆಂಪಾಗಿಯೇ ಉಳಿಯಿತು. ಕಣಗಳು ಒಡೆದು ಬಣ್ಣ ಮಾತ್ರ ಇಳಿದಿದ್ದರೂ ಹಾಗೇ ಕಾಣುತ್ತದೆ. ಆದರೆ ಪರೀಕ್ಷಾ ಪಟ್ಟಿಯಲ್ಲಿ ರಕ್ತಕ್ಕೆ ಹಸಿರಾಗಬೇಕಾದ ಚೌಕ ಹಸಿರಾಗಲಿಲ್ಲ. ಗಾಜಿನ ನಳಿಕೆಯಲ್ಲಿ ಇಪ್ಪತ್ತು ನಿಮಿಷಕ್ಕೆ ಗಟ್ಟಿ ಹೆಪ್ಪು. ಕ್ರಿಯಾಟಿನಿನ್ 1.8, ಇನ್ನೂ ಇಳಿಯುತ್ತಿತ್ತು.

ನಾನು ಸೀಸೆಯನ್ನು ಹಿಡಿದು ಯೋಚಿಸುತ್ತಿದ್ದೆ. ರಾತ್ರಿಪಾಳಿ ಮುಗಿಸಿ ಹೊರಟಿದ್ದ ಅಕ್ಕ ನನ್ನ ಹಿಂದೆ ನಿಂತು ಅದನ್ನು ನೋಡಿ, ಅಜ್ಜನ ಕಡೆಗೆ ತಿರುಗಿ ಕೇಳಿದರು: "ನಿನ್ನೆ ಕಕ್ಕಡ ಹದಿನೆಂಟಲ್ಲವೇ? ಇದಕ್ಕೂ ಕೊಟ್ಟಿರಾ?"

ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಆಟಿಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರುತ್ತದೆ ಎಂಬ ನಂಬಿಕೆಯಿಂದ ಕೊಡಗಿನ ಮನೆಮನೆಯಲ್ಲೂ ಅದರ ರಸದ ಪಾಯಸ ಮಾಡುತ್ತಾರೆ. ಸೊಪ್ಪು ಬೇಯಿಸಿದ ನೀರು ಕಡು ನೇರಳೆ. ಮಾರನೆಯ ದಿನ ತಿಂದವರ ಮೂತ್ರವೆಲ್ಲ ಕೆಂಪು. ಇದು ಇಲ್ಲಿನ ಮಕ್ಕಳಿಗೂ ಗೊತ್ತು. ಹಿಂದಿನ ಸಂಜೆ ಆಸ್ಪತ್ರೆಯಲ್ಲಿ ನಾನೂ ಎರಡು ಬಟ್ಟಲು ತಿಂದಿದ್ದೆ.

ಅಜ್ಜ ಗೋಡೆಯ ಕಡೆ ನೋಡಿದರು. "ನಾನಲ್ಲ. ಅದರ ಅಜ್ಜಿ. ಹದಿನೆಂಟು ಔಷಧ ಒಂದೇ ಸಲ ಸಿಗುತ್ತದಲ್ಲ, ಪಾಪ, ಕಾಯಿಲೆ ಬಿದ್ದ ಜೀವ, ಎಂದು ಎರಡು ಸೌಟು ಹಾಕಿದಳು."

"ದ್ರಾಕ್ಷಿ ಹಾಕಿದ್ದರೇ?" ಎಂದು ಕೇಳಿದೆ. ಈ ಪ್ರಶ್ನೆ ಮಾತ್ರ ತಮಾಷೆಯದಲ್ಲ. ಒಣದ್ರಾಕ್ಷಿ ನಾಯಿಗಳ ಮೂತ್ರಪಿಂಡವನ್ನು ಕೆಡಿಸಬಲ್ಲದು.

"ಇಲ್ಲ. ತೆಂಗಿನಹಾಲು, ಬೆಲ್ಲ, ಗೋಡಂಬಿ."

ಕಡತದಲ್ಲಿ ಆ ದಿನದ ನಮೂದು ಹೀಗಿದೆ: ಮೂತ್ರ ಕೆಂಪು, ಕಾರಣ ಪಾಯಸ, ಚಿಕಿತ್ಸೆ ಬೇಡ. ಲ್ಯಾಬ್ರಡಾರಿನ ಮನೆಗೆ ಮತ್ತೆ ಫೋನು ಮಾಡಿ, ಬರುವುದು ಬೇಡ ಎಂದೆ.